ಮುರುಮ್ ದಿಬ್ಬಕ್ಕೆ ಹಳೆ ಮಾರುತಿ 800: ಫೆಬ್ರವರಿಯಿಂದ ಜೂನ್‌ವರೆಗಿನ ಕೆಲಸದ ಲೆಕ್ಕ

ಗಾಡಿ 1997ರ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್, ನಾಲ್ಕು ಗೇರ್. ಹೊಸದಿದ್ದಾಗ 37 ಎಚ್‌ಪಿ. ಈಗ ಎಷ್ಟು ಉಳಿದಿದೆಯೋ ದೇವರಿಗೇ ಗೊತ್ತು. ಕೊಟ್ಟ ಬೆಲೆ 22,000 ರೂಪಾಯಿ.

ಜಾಗ ಬೀದರ್ ಹತ್ತಿರ ನಮ್ಮ ಸೋದರಮಾವನ ಹೊಲ. ಮೇಲಿನ ಹೊಲ ಕೆಂಪು ಜಂಬಿಟ್ಟಿಗೆ ನೆಲ, ಕೆಳಗಿನದು ಎರೆ. ಎರಡರ ನಡುವೆ ಟ್ರ್ಯಾಕ್ಟರ್ ಹತ್ತಿ ಇಳಿಯಲು ಮುರುಮ್ (ಗರಸು ಮಣ್ಣು) ಹಾಕಿದ ದಾರಿ ಇದೆ. ಅದನ್ನು ಎಷ್ಟು ಬೇಗ ಹತ್ತಬಹುದು ಅಂತ ನೋಡೋದೇ ಈ ಕೆಲಸ. ಈ ಆಟಕ್ಕೆ ಹಿಲ್ ಕ್ಲೈಂಬ್ ಅಂತಾರೆ. ಹಿಲ್ ಕ್ಲೈಂಬ್‌ನಲ್ಲಿ ಒಂದು ಸಲಕ್ಕೆ ಒಂದೇ ಗಾಡಿ ಹೋಗುತ್ತದೆ. ಪಕ್ಕದಲ್ಲಿ ಯಾರೂ ಇರಲ್ಲ, ಜಗಳ ಏನಿದ್ದರೂ ಗಡಿಯಾರದ ಜೊತೆ. ಅದಕ್ಕೇ ಇದನ್ನು ಸ್ವಂತ ಹೊಲದಲ್ಲಿ ಮಾಡಬಹುದು. ಊರ ರಸ್ತೆಯಲ್ಲಿ, ಘಾಟಿನಲ್ಲಿ ಮಾಡೋದು ಬೇಡವೇ ಬೇಡ.

ಫೆಬ್ರವರಿ: ದಾರಿ ಅಳತೆ

ತೊಗರಿ ರಾಶಿ ಮುಗಿಯುವ ತನಕ ಮಾಮ ಒಪ್ಪಲಿಲ್ಲ. "ರಾಶಿ ಮುಗೀಲಿ, ಟ್ರ್ಯಾಕ್ಟರ್ ಓಡಾಡೋದು ನಿಲ್ಲಲಿ. ಆಮ್ಯಾಲ ದಾರಿ ನಿಂದೇ ಅದ. ಬದುವಿಗಿ ಮಾತ್ರ ಗಾಲಿ ತಾಗಿಸಬ್ಯಾಡ" ಅಂದರು.

30 ಮೀಟರ್ ಟೇಪ್ ಹಿಡಿದು ಅಳೆದರೆ ಉದ್ದ 610 ಮೀಟರ್. ಎತ್ತರ ಅಳೆಯಲು ಫೋನ್ ಆ್ಯಪ್ ನಂಬಬೇಡಿ. ಒಂದೇ ಜಾಗದಲ್ಲಿ ನಿಂತರೂ ಅದು ಹತ್ತು ಮೀಟರ್ ಆಚೀಚೆ ತೋರಿಸಿತು. ಗೌಂಡಿಗಳು ಮಟ್ಟ ನೋಡಲು ಬಳಸುವ ನೀರಿನ ಪೈಪ್ ತಂದು, ಎರಡು ಕೋಲಿಗೆ ಕಟ್ಟಿ, ಮಾಮನ ಮಗ ಮೇಲೆ, ನಾನು ಕೆಳಗೆ ನಿಂತು ಮೆಟ್ಟಿಲು ಮೆಟ್ಟಿಲಾಗಿ ಅಳೆದೆವು. ಒಟ್ಟು ಏರು 41 ಮೀಟರ್. ಅಂದರೆ ನೂರು ಮೀಟರಿಗೆ ಸರಾಸರಿ 6.7 ಮೀಟರ್. ಬಂದ ಕಡೆಗೇ ಮರಳಿಸುವಷ್ಟು ಕಡಿದಾದ ಎರಡು ತಿರುವು (ಹೇರ್‌ಪಿನ್) ಇವೆ, ಮೊದಲನೆಯದು ಬಲಕ್ಕೆ, ಎರಡನೆಯದು ಎಡಕ್ಕೆ. ಎರಡನೆಯದು ಮುಗಿದ ಕೂಡಲೇ 30 ಮೀಟರ್ ಉದ್ದಕ್ಕೆ 4.2 ಮೀಟರ್ ಏರು. ಇಡೀ ದಾರಿಯ ಜೀವ ಇರೋದು ಅಲ್ಲೇ ಅಂತ ಆಮೇಲೆ ಗೊತ್ತಾಯಿತು.

610 ಮೀಟರ್ ಅಂದರೆ ತೀರಾ ಚಿಕ್ಕದು ಅನ್ನಿಸಬಹುದು. ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಶ್‌ನಲ್ಲಿ 1905ರಿಂದ ಹಿಲ್ ಕ್ಲೈಂಬ್ ನಡೆಯುತ್ತಿದೆ. ಅದರ ಉದ್ದ ಬರೀ 1,000 ಗಜ, ಅಂದರೆ 914 ಮೀಟರ್. ನಮ್ಮದು ಅದರ ಮೂರರಲ್ಲಿ ಎರಡು ಪಾಲು. ಸಾಕು.

ತಿರುವುಗಳ ಹೊರಬದಿಗೆ ಹಳೆ ಟ್ರ್ಯಾಕ್ಟರ್ ಟೈರ್ ಮತ್ತು ಮುರುಮ್ ತುಂಬಿದ ಗೊಬ್ಬರದ ಚೀಲ ಜೋಡಿಸಿದೆವು. 2 ಕೆಜಿಯ ಬೆಂಕಿ ಆರಿಸುವ ಸಿಲಿಂಡರ್‌ಗೆ 1,100. ಹೆಲ್ಮೆಟ್ ಮತ್ತು ಬೆಲ್ಟ್ ಇಲ್ಲದೆ ಗಾಡಿ ಸ್ಟಾರ್ಟ್ ಆಗಲ್ಲ. ಗಾಡಿ ಹತ್ತುವಾಗ ತಿರುವಿನ ಹೊರಗೆ, ಗಾಡಿಯ ಕೆಳಗಿನ ಇಳಿಜಾರಿನಲ್ಲಿ ಯಾರೂ ನಿಲ್ಲುವ ಹಾಗಿಲ್ಲ.

ಗಾಡಿ ಮಗುಚಿದರೆ ಒಳಗಿರುವವರನ್ನು ಕಾಯುವ ಪೈಪಿನ ಪಂಜರ, ಅಂದರೆ ರೋಲ್ ಕೇಜ್ ಇಲ್ಲ. ಗೇಟು ಮಾಡುವ ವೆಲ್ಡಿಂಗ್ ಅಂಗಡಿಯವರು ಗೇಟಿನ ಪೈಪಿನಲ್ಲೇ ಮಾಡಿಕೊಡುತ್ತೇನೆ, 6,000 ಕೊಡಿ ಅಂದರು. ಬೇಡ ಅಂದೆ. ಸ್ಪರ್ಧೆಯ ನಿಯಮದಲ್ಲಿ ಮುಖ್ಯ ಹೂಪ್‌ಗೆ (ಪಂಜರದ ಮುಖ್ಯ ಕಮಾನಿಗೆ) 45 ಮಿಮೀ ವ್ಯಾಸ ಮತ್ತು 2.5 ಮಿಮೀ ದಪ್ಪ, ಇಲ್ಲವೇ 50 ಮಿಮೀ ಮತ್ತು 2 ಮಿಮೀ ಸೀಮ್‌ಲೆಸ್, ಅಂದರೆ ಬೆಸುಗೆ ಇಲ್ಲದ ಪೈಪ್ ಬೇಕು. ಗೇಟಿನ ಪೈಪಿಗೆ ಉದ್ದಕ್ಕೂ ಬೆಸುಗೆ ಇರುತ್ತದೆ. ಗಾಡಿ ಮಗುಚಿದರೆ ಅದು ಅಲ್ಲೇ ಬಾಯಿ ಬಿಟ್ಟು ನಮ್ಮ ಮೈಗೇ ಚುಚ್ಚಬಹುದು. ಕೆಟ್ಟ ಕೇಜ್‌ಗಿಂತ ಕೇಜ್ ಇಲ್ಲದೆ ನಿಧಾನ ಓಡಿಸೋದು ವಾಸಿ. ಆದ್ದರಿಂದ ಈ ಗಾಡಿ ಸ್ಪರ್ಧೆಗೆ ಹೋಗಲ್ಲ.

ಸಮಯ ಹಿಡಿಯುವ ಕಷ್ಟ

ಮೊದಲು ಕೆಳಗೊಬ್ಬ, ಮೇಲೊಬ್ಬ ನಿಂತು ಫೋನ್ ಕಾಲ್‌ನಲ್ಲಿ "ಹೊಂಟ" "ಬಂದ" ಅಂತ ಕೂಗಿ ಸ್ಟಾಪ್‌ವಾಚ್ ಒತ್ತಿದೆವು. ಫೋನಿನಲ್ಲಿ ದನಿ ತಡವಾಗಿ ಬರುತ್ತದೆ, ಬೆರಳೂ ತಡವಾಗುತ್ತದೆ. ಒಂದೇ ಓಟಕ್ಕೆ ಇಬ್ಬರ ಸಮಯದಲ್ಲಿ ಒಂದು ಸೆಕೆಂಡಿನಷ್ಟು ವ್ಯತ್ಯಾಸ. ಅರ್ಧ ಸೆಕೆಂಡಿಗಾಗಿ ಸಾವಿರಾರು ರೂಪಾಯಿ ಸುರಿಯುವ ಆಟದಲ್ಲಿ ಇದು ನಡೆಯಲ್ಲ.

ಪರಿಹಾರಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ. ಫೋನನ್ನು ಕಿಟಕಿ ಕಡೆ ಮುಖ ಮಾಡಿ ಒಳಗೇ ಬಿಗಿಯಾಗಿ ಕಟ್ಟಿ ವಿಡಿಯೊ ಹಾಕಿದೆ. ಕೆಳಗೊಂದು, ಮೇಲೊಂದು ಸುಣ್ಣ ಬಳಿದ ಕೋಲು ನೆಟ್ಟೆ. ಆಮೇಲೆ ಕುಳಿತು, ಮೊದಲ ಕೋಲು ಕಿಟಕಿ ದಾಟಿದ ಫ್ರೇಮ್‌ನಿಂದ ಎರಡನೇ ಕೋಲು ದಾಟಿದ ಫ್ರೇಮ್‌ವರೆಗೆ ಎಣಿಸೋದು. ಸೆಕೆಂಡಿಗೆ 30 ಫ್ರೇಮ್ ಇರುವುದರಿಂದ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಧೈರ್ಯವಾಗಿ ನಂಬಬಹುದು. ಏನೂ ಬದಲಿಸದ ಗಾಡಿಯ ಸಮಯ 58.4 ಸೆಕೆಂಡ್.

ತೂಕ ಇಳಿಸಿದ್ದು

ಗಾಡಿ ಕೊಂಡು ತರುವಾಗಲೇ ದಾರಿಯಲ್ಲಿ ವೇಬ್ರಿಜ್ ಮೇಲೆ ನಿಲ್ಲಿಸಿದ್ದೆ. ಪೂರ್ತಿ ಗಾಡಿ 650 ಕೆಜಿ. ಮುಂದಿನ ಎರಡು ಗಾಲಿ ಮಾತ್ರ ಇಟ್ಟರೆ 400. ಆ ಕಾಟಾ 10 ಕೆಜಿಗಿಂತ ಕಡಿಮೆ ತೋರಿಸಲ್ಲ, ಆದರೂ ಅಂದಾಜಿಗೆ ಸಾಕು.

ಹೊಲದಲ್ಲಿ ಬಿಚ್ಚಿದ್ದನ್ನೆಲ್ಲ ಕಾಳು ತೂಗುವ ಕಾಟಾದ ಮೇಲೆ ಇಟ್ಟೆ. ಹಿಂದಿನ ಸೀಟು 13.6, ಸ್ಟೆಪ್ನಿ ಜಾಕ್ ಸೇರಿ 14.2, ಪಕ್ಕದ ಸೀಟು 10.8, ಕಾರ್ಪೆಟ್ ಮತ್ತು ಪ್ಯಾಡುಗಳು 7.3. ಒಟ್ಟು ಸುಮಾರು 46 ಕೆಜಿ. ಇದರಲ್ಲಿ ಹೆಚ್ಚಿನದು ಗಾಡಿಯ ಹಿಂಭಾಗದ್ದು, ಅದೇ ಒಳ್ಳೆಯದಾಯಿತು. 800ರಲ್ಲಿ ಎಳೆಯೋದು ಮುಂದಿನ ಗಾಲಿ. ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ, ಮುಂದಿನ ಗಾಲಿ ಹಗುರಾಗಿ ಮುರುಮ್ ಮೇಲೆ ಸುಮ್ನೆ ತಿರುಗುತ್ತದೆ. ಹಿಂದಿನ ತೂಕ ಇಳಿಸಿದಷ್ಟೂ ಲಾಭ. ಸಮಯ 57.2.

ಎಂಜಿನ್ ಕೆಳಗೆ 4 ಮಿಮೀ ಕಬ್ಬಿಣದ ತಗಡು ಕೂಡ ಹಾಕಿಸಿದೆ. ಅಳತೆ 600 × 450 ಮಿಮೀ, ತೂಕ ಎಂಟೂವರೆ ಕೆಜಿ, ಖರ್ಚು 1,300. ಗಾಳಿ ಆಡಲು ಮತ್ತು ಆಯಿಲ್ ಬೋಲ್ಟ್ ಬಿಚ್ಚಲು ತೂತು ಕೊರೆಸಿದೆ. ಹಗುರ ಮಾಡುವ ಗಾಡಿಗೆ ಭಾರ ಯಾಕೆ ಅಂತ ಮಾಮನ ಮಗ ಕೇಳಿದ. ಜಂಬಿಟ್ಟಿಗೆ ಕಲ್ಲು ಎಂಜಿನ್ ಆಯಿಲ್ ಇರುವ ಚೇಂಬರ್ ಒಡೆದರೆ ಆಟ ಮುಗಿಯಿತು ಅಲ್ವಾ? ಜೊತೆಗೆ ಈ ಭಾರ ಇರೋದು ಮುಂದಿನ ಗಾಲಿಗಳ ಹತ್ತಿರ.

ಮಾರ್ಚ್: ಎಂಜಿನ್ನಿಗೆ ಸುರಿದ ಹಣ

ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕಾರ್ಬುರೇಟರ್ ಕಿಟ್, ಹೆಡ್ ಇಳಿಸಿ ವಾಲ್ವ್ ಗ್ರೈಂಡಿಂಗ್, ಪಾಯಿಂಟ್, ಪ್ಲಗ್, ಟೈಮಿಂಗ್. 6,800 ರೂಪಾಯಿ. ಎಂಜಿನ್ ಸದ್ದು ಚೆಂದ ಆಯಿತು. ಸಮಯ 57.2ರಿಂದ 56.8ಕ್ಕೆ ಬಂತು. ಅಷ್ಟೇ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಬದಲಿಸಬೇಕು ಅಂತ ಒಬ್ಬರು ಹೇಳಿದ್ದರು. ನಮ್ಮ ಏರು 41 ಮೀಟರ್, ಅಷ್ಟರಲ್ಲಿ ಗಾಳಿ ತೆಳುವಾಗಲ್ಲ. ಆ ಚಿಂತೆ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ಹಿಲ್ ಕ್ಲೈಂಬ್‌ನವರಿಗೆ ಇರಲಿ. ಅಲ್ಲಿ 9,390 ಅಡಿಯಿಂದ ಹೊರಟು 14,115 ಅಡಿಗೆ ಹತ್ತಬೇಕು, 20 ಕಿಮೀ, 156 ತಿರುವು. ಮೇಲೆ ಹೋದಂತೆ ಪೆಟ್ರೋಲ್ ಎಂಜಿನ್ ಉಸಿರಿಗೆ ಒದ್ದಾಡುತ್ತದೆ. 2018ರಲ್ಲಿ ರೊಮೇನ್ ಡ್ಯೂಮಾ ಫೋಕ್ಸ್‌ವ್ಯಾಗನ್‌ನ ಬ್ಯಾಟರಿ ಗಾಡಿಯಲ್ಲಿ 7 ನಿಮಿಷ 57.148 ಸೆಕೆಂಡಿನಲ್ಲಿ ಹತ್ತಿದರು. ಮೋಟಾರಿಗೆ ಗಾಳಿ ಬೇಕಾಗಿಲ್ಲ ನೋಡಿ.

ಕ್ಲಚ್, ಎರಡು ಸಲ

ಮಾರ್ಚ್ ಮಧ್ಯದಲ್ಲಿ ಸಮಯ ಏರತೊಡಗಿತು. 58, 59, ಆಮೇಲೆ 60 ದಾಟಿತು. ಎರಡನೇ ಗೇರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಹೋಗಲ್ಲ. ಸುಟ್ಟ ವಾಸನೆ ಬೇರೆ. ಕೇಬಲ್ ಸಡಿಲ ಮಾಡಿ ನೋಡಿದೆ, ಏನೂ ಆಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಬಂದ್ ಆಗಬೇಕು. ಆಗಲಿಲ್ಲ, ಓಡುತ್ತಲೇ ಇತ್ತು. ಪ್ಲೇಟ್ ಹೋಗಿದೆ ಅಂತ ಅರ್ಥ.

ಮೆಕ್ಯಾನಿಕ್ ಉಸ್ತಾದ್ ಹೊಲಕ್ಕೇ ಬಂದು ಬೇವಿನ ಮರದ ಕೆಳಗೆ ಗೇರ್‌ಬಾಕ್ಸ್ ಇಳಿಸಿದರು. ಕ್ಲಚ್ ಸೆಟ್ 2,300, ಮಜೂರಿ 1,500. ಹಳೆ ಪ್ಲೇಟ್ ಮೇಲೆ ಆಯಿಲ್ ಪಸೆ ಇತ್ತು. "ಸಾಬ್, ಹಿಂದಿನ ಆಯಿಲ್ ಸೀಲ್ ಸೋರ್ತದ, ಈಗೇ ಹಾಕ್ರಿ" ಅಂದರು. ಅವತ್ತು ಭಾನುವಾರ, ಸೀಲ್ ತರಲು ಅಂಗಡಿ ಇರಲಿಲ್ಲ. ಸದ್ಯ ನಡೆಯಲಿ ಅಂತ ಮುಚ್ಚಿಸಿಬಿಟ್ಟೆ. ತಿಂಗಳು ಕಳೆಯುವ ಮೊದಲೇ ಹೊಸ ಪ್ಲೇಟೂ ಜಾರತೊಡಗಿತು. ಸೀಲ್ ಬೆಲೆ 140 ರೂಪಾಯಿ. ಅದನ್ನು ಹಾಕಲು ಮತ್ತೆ ಗೇರ್‌ಬಾಕ್ಸ್ ಇಳಿಸಿದ್ದಕ್ಕೆ 1,000. ಪ್ಲೇಟ್ ಪೂರ್ತಿ ನೆನೆದಿರಲಿಲ್ಲ, ಉಜ್ಜಿ ತೊಳೆದು ಹಾಕಿದರು, ಈಗಲೂ ಅದೇ ನಡೆಯುತ್ತಿದೆ. ಗೇರ್‌ಬಾಕ್ಸ್ ಇಳಿಸಿದರೆ ಸೀಲ್ ಹೊಸದು ಹಾಕದೆ ಏರಿಸಬೇಡಿ.

ಟೈರ್

ಮುಂದಕ್ಕೆ ಎರಡು ಹೊಸ 145/70 ಆರ್12, ಒಟ್ಟು 5,200. ಹಳೆಯ ಎರಡು ಹಿಂದಕ್ಕೆ.

ಗಾಳಿಯ ಲೆಕ್ಕ ಹೀಗೆ ಬಂತು. ನಾಲ್ಕಕ್ಕೂ 28 ಪಿಎಸ್‌ಐ ಇದ್ದಾಗ ಮುಂದಿನ ಗಾಲಿ ಮುರುಮ್ ಮೇಲೆ ಕಡಲೆ ಹುರಿದ ಹಾಗೆ ಕುಣಿಯಿತು. 24ಕ್ಕೆ ಇಳಿಸಿದೆ, ಚೆನ್ನಾಯಿತು. 22, ಇನ್ನೂ ಚೆನ್ನಾಯಿತು. ಆಸೆಬುರುಕತನದಲ್ಲಿ 17 ಮಾಡಿದೆ. ನಮ್ಮ ರಿಮ್ಮಿಗೆ ಟ್ಯೂಬ್ ಟೈರ್. ಗಾಳಿ ಕಡಿಮೆಯಾದರೆ ಟೈರು ರಿಮ್ಮಿನ ಮೇಲೆ ನಿಧಾನವಾಗಿ ಜಾರುತ್ತದೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ವಾಲ್ವ್ ವಾಲಿತು, ಬುಡದಲ್ಲಿ ಹರಿಯಿತು, ಗಾಳಿ ಬುಸ್ ಅಂತ ಹೋಯಿತು. ಆಮೇಲಿಂದ ಟೈರಿಗೂ ರಿಮ್ಮಿಗೂ ಸೇರಿಸಿ ಸುಣ್ಣದಿಂದ ಒಂದು ಗೆರೆ ಎಳೆಯುತ್ತೇನೆ. ಹತ್ತಿ ಇಳಿದ ಮೇಲೆ ಗೆರೆ ಮುರಿದಿದ್ದರೆ ಗಾಳಿ ಸಾಲದು. 21ರಲ್ಲಿ ಗೆರೆ ನೇರ ನಿಂತಿತು.

ಹಿಂದಿನ ಗಾಲಿಗೆ ತಿರುಗಾಮುರುಗಾ, 32. ಹಿಂಭಾಗ ಸ್ವಲ್ಪ ಜಾರಿದರೆ ಗಾಡಿಯ ಮೂತಿ ತಿರುವಿನ ಒಳಕ್ಕೆ ಬೇಗ ತಿರುಗುತ್ತದೆ. ಸಮಯ 55.1. ಗಾಳಿ ಬದಲಿಸಿದ್ದಕ್ಕೆ ಖರ್ಚು ಸೊನ್ನೆ ಅನ್ನೋದನ್ನು ಎಂಜಿನ್ನಿನ 6,800ರ ಪಕ್ಕ ಇಟ್ಟು ನೋಡಿ.

ಏಪ್ರಿಲ್: ಕೆಮ್ಮು

ಬಿಸಿಲು 40 ದಾಟಿದಾಗ ಹೊಸ ರೋಗ. ಎರಡನೇ ಹೇರ್‌ಪಿನ್ ದಾಟಿ, ಕಡಿದಾದ ಏರಿನ ಮಧ್ಯೆ ಎಂಜಿನ್ ಕೆಮ್ಮಿ ಒಂದು ಕ್ಷಣ ಸಾಯುತ್ತದೆ, ಮತ್ತೆ ಬದುಕುತ್ತದೆ. ಅಷ್ಟರಲ್ಲಿ ಮೂರು ಸೆಕೆಂಡ್ ಹೋಗಿರುತ್ತದೆ.

ಬೇಸಿಗೆ, ಕಾರ್ಬುರೇಟರ್ ಗಾಡಿ. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ತಡೆ ಆಗುತ್ತಿದೆ ಅಂತ ಎಲ್ಲರೂ ಹೇಳಿದರು, ನನಗೂ ಸರಿ ಅನ್ನಿಸಿತು. ಪೈಪಿಗೆ ಒದ್ದೆ ಬಟ್ಟೆ ಸುತ್ತಿದೆ. ಬೆಳಗಿನ ಆರು ಗಂಟೆಗೆ, ತಂಪಿನಲ್ಲಿ ಹತ್ತಿದೆ. ಅದೇ ಜಾಗ, ಅದೇ ಕೆಮ್ಮು. ಅಲ್ಲಿಗೇ ಬಿಸಿಲಿನ ಮಾತು ಬಿಡಬೇಕಿತ್ತು. ಬಿಡದೆ ಫಿಲ್ಟರ್ ಬದಲಿಸಿದೆ, ಮತ್ತೆ ಕಾರ್ಬುರೇಟರ್ ಬಿಚ್ಚಿಸಿ ತೊಳೆಸಿದೆ, ಫ್ಲೋಟ್ ಅಳತೆ ಸರಿ ಮಾಡಿಸಿದೆ. 700 ರೂಪಾಯಿ, ಅರ್ಧ ಏಪ್ರಿಲ್.

ಕೊನೆಗೆ ಉಸ್ತಾದ್ ಕೇಳಿದರು, "ಟ್ಯಾಂಕಿನ್ಯಾಗ ಎಷ್ಟ್ ಪೆಟ್ರೋಲ್ ಇಟ್ಟೀರಿ?"

"ಐದು ಲೀಟರ್. ತೂಕ ಕಡಿಮೆ ಇರಲಿ ಅಂತ."

ಅವರು ನಕ್ಕರು. "ಗಾಡಿಗಿ ರೋಗ ಇಲ್ರಿ, ಹಸಿವದ."

ಆಗಿದ್ದು ಇಷ್ಟು. ಎಡ ತಿರುವಿನಲ್ಲಿ ಇದ್ದ ಸ್ವಲ್ಪ ಪೆಟ್ರೋಲ್ ಬಲಕ್ಕೆ ಹೋಗುತ್ತದೆ, ಏರಿಗೆ ಹಿಂದಕ್ಕೂ ಹೋಗುತ್ತದೆ. ಎಳೆಯುವ ಪೈಪಿನ ಬಾಯಿಗೆ ಗಾಳಿ ಸಿಗುತ್ತದೆ. ಕಾರ್ಬುರೇಟರ್ ಬಟ್ಟಲಿನಲ್ಲಿ ಇರುವ ಪೆಟ್ರೋಲ್ ಕೆಲವು ಸೆಕೆಂಡ್ ಓಡಿಸುತ್ತದೆ. ಆದ್ದರಿಂದ ಕೆಮ್ಮು ತಿರುವಿನಲ್ಲಿ ಬರದೆ, ತಿರುವು ಮುಗಿದು ನೆಟ್ಟಗಿನ ಏರಿನಲ್ಲಿ ಬರುತ್ತಿತ್ತು. ನಾನು ಏರನ್ನು ಬೈಯುತ್ತಿದ್ದೆ, ತಪ್ಪು ಅದರ ಹಿಂದಿನ ತಿರುವಿನದು. 12 ಲೀಟರ್ ಹಾಕಿದೆ. ಕೆಮ್ಮು ಹೋಯಿತು. ಹೆಚ್ಚಾದ ತೂಕ ಸುಮಾರು 5 ಕೆಜಿ, ಗಡಿಯಾರದಲ್ಲಿ ಅದು ಕಾಣಲೇ ಇಲ್ಲ.

ಬಿಸಿಲಿನ ನಿಜವಾದ ಪೆಟ್ಟು ಬಿದ್ದದ್ದು ರೇಡಿಯೇಟರಿಗೆ. ಹಿಂದಿನ ಮಾಲೀಕರು ಬೋರ್ ನೀರು ಹಾಕಿ ಹಾಕಿ ಒಳಗೆ ಬಿಳಿ ಸುಣ್ಣದ ಪದರ ಕಟ್ಟಿತ್ತು. ಹೊಸದು, ಕೂಲಂಟ್ ಸೇರಿ 2,600. ಫ್ಯಾನಿಗೆ ರಿಲೇ ಹಾಕಿ ಡ್ಯಾಶ್‌ಬೋರ್ಡಿನಲ್ಲಿ ಬೇರೆ ಸ್ವಿಚ್ ಕೊಟ್ಟೆ. ಹೊರಡುವ ಮೊದಲೇ ಫ್ಯಾನ್ ಹಾಕೋದು, ಇಳಿದು ಬಂದ ಮೇಲೂ ಐದು ನಿಮಿಷ ಬಿಡೋದು.

ಬ್ರೇಕ್: ಹತ್ತುವಾಗಲ್ಲ, ಇಳಿಯುವಾಗ

ಹಿಲ್ ಕ್ಲೈಂಬ್‌ನಲ್ಲಿ ಬ್ರೇಕಿಗೆ ಏನು ಕೆಲಸ ಅಂದುಕೊಂಡಿದ್ದೆ. ಹತ್ತುವಾಗ ಏರೇ ಅರ್ಧ ಬ್ರೇಕ್ ಹಾಕುತ್ತದೆ ನಿಜ. ಆದರೆ ಹತ್ತಿದ ಗಾಡಿ ಪ್ರತಿ ಸಲ ಇಳಿಯಲೇಬೇಕಲ್ಲ. ಒಂದು ಸಂಜೆ ಇಳಿಯುವಾಗ ಪೆಡಲ್ ಮೆತ್ತಗಾಗಿ ಅರ್ಧದವರೆಗೆ ಕೆಳಗೆ ಹೋಯಿತು. ಮೊದಲನೇ ಗೇರ್ ಇದ್ದದ್ದಕ್ಕೆ ಮತ್ತು ಹ್ಯಾಂಡ್‌ಬ್ರೇಕ್ ಹಿಡಿದದ್ದಕ್ಕೆ ಗಾಡಿ ನಿಂತಿತು. ಬ್ರೇಕ್ ಆಯಿಲ್ ಕಾಫಿ ಬಣ್ಣಕ್ಕೆ ಬಂದಿತ್ತು. ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯೋದು ಕನಿಷ್ಠ 205 ಡಿಗ್ರಿಗೆ. ಹಳೆಯದಾಗಿ ತೇವ ಹೀರಿಕೊಂಡರೆ ಅದು 140ಕ್ಕೆ ಇಳಿಯಬಹುದು. ಡಾಟ್ 4ಕ್ಕೆ ಅದೇ ಲೆಕ್ಕ 230 ಮತ್ತು 155. ಪೂರ್ತಿ ಖಾಲಿ ಮಾಡಿ ಡಾಟ್ 4 ತುಂಬಿದೆ. ಹಿಂದಿನ ಶೂ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಕೂಡ ಬದಲಿಸಿದೆ. ಎಲ್ಲ ಸೇರಿ 1,900. ಈಗ ಇಳಿಯೋದು ಮೊದಲನೇ ಗೇರಿನಲ್ಲೇ, ಎತ್ತಿನ ಬಂಡಿಯ ವೇಗದಲ್ಲಿ.

ಮೇ: ಎರಡನೇ ಗೇರ್ ಬಿಡದಿರೋದು

ಸಮಯ 55ಕ್ಕೆ ಅಂಟಿಕೊಂಡಿತ್ತು. ವಿಡಿಯೊ ಬಿಡಿಸಿ ನೋಡಿದೆ. ನೆಟ್ಟಗಿನ ದಾರಿಯಲ್ಲಿ ಕಳೆದುಕೊಂಡದ್ದು ಏನೂ ಇಲ್ಲ, ಎಲ್ಲ ಹೋಗುತ್ತಿದ್ದದ್ದು ಎರಡು ಹೇರ್‌ಪಿನ್‌ಗಳಲ್ಲಿ.

ಕಷ್ಟ ಇಷ್ಟೇ. ಈ ಗಾಡಿಯಲ್ಲಿ ಮೊದಲನೇ ಗೇರ್ ಗಂಟೆಗೆ 33 ಕಿಮೀ ವೇಗದ ಹತ್ತಿರ ಮುಗಿಯುತ್ತದೆ, ಎರಡನೆಯದು 55ರ ಹತ್ತಿರ. ಹೇರ್‌ಪಿನ್‌ನಲ್ಲಿ ನನ್ನ ವೇಗ 18, 19. ಅಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ಉಬ್ಬಸಪಡುತ್ತದೆ. ಮೊದಲನೆಯದಕ್ಕೆ ಇಳಿಸಿದರೆ ಒಳಗಿನ ಗಾಲಿ ಮುರುಮ್ ಕೆದರುತ್ತಾ ಅಲ್ಲೇ ತಿರುಗುತ್ತದೆ. ಆಮೇಲೆ ಏರಿನ ಮಧ್ಯೆ ಮತ್ತೆ ಎರಡಕ್ಕೆ ಹಾಕಲು ಕ್ಲಚ್ ಒತ್ತಬೇಕು. ಆ ಅರೆಕ್ಷಣದಲ್ಲಿ ಏರು ಗಾಡಿಯ ವೇಗ ನುಂಗಿಬಿಡುತ್ತದೆ.

ತಿರುವಿನಲ್ಲಿ ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ವೆಲ್ಡ್ ಮಾಡಿಸಿದರೆ ಎರಡೂ ಗಾಲಿ ಒಟ್ಟಿಗೆ ತಿರುಗುತ್ತವೆ ಅನ್ನೋ ಯೋಚನೆ ಬಂತು. ಉಸ್ತಾದ್ ಬೇಡ ಅಂದರು. "ಸ್ಟೇರಿಂಗ್ ತಿರುಗಲ್ಲ, ಶಾಫ್ಟ್ ಮುರಿತದ. ಗಾಡಿ ಬದ್ಲಿ ನೀವ್ ಬದ್ಲಾಗ್ರಿ." ಸಿಟ್ಟು ಬಂತು, ಆದರೆ ಮಾತು ಸರಿ ಇತ್ತು.

ಒಂದೇ ಉಪಾಯ ಉಳಿದಿತ್ತು. ತಿರುವಿನ ನಡುವೆ ವೇಗ 25ಕ್ಕಿಂತ ಕೆಳಗೆ ಬೀಳಬಾರದು. ಅಷ್ಟಿದ್ದರೆ ಎರಡನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2,500 ಸುತ್ತಿನ ಮೇಲಿರುತ್ತದೆ, 800ರ ಎಳೆತ ಚೆನ್ನಾಗಿರೋದೇ ಅಲ್ಲಿ. ಸುಣ್ಣದ ಪುಡಿ ತಂದು, 60 ರೂಪಾಯಿ, ನಡೆದುಕೊಂಡೇ ದಾರಿಯ ಮೇಲೆ ಗೆರೆ ಹಾಕಿದೆ. ಮೊದಲು ನಾನು ತಿರುವಿನ ಒಳ ಅಂಚಿಗೆ ಬೇಗ ಅಂಟಿಕೊಳ್ಳುತ್ತಿದ್ದೆ. ದಾರಿ ಚಿಕ್ಕದಾಗುತ್ತದೆ, ಆದರೆ ತಿರುವು ಕಡಿದಾಗಿ ವೇಗ ಸಾಯುತ್ತದೆ. ಈಗ ಹೊರ ಅಂಚಿನ ಟೈರ್ ಸಾಲಿನ ತನಕ ಹೋಗಿ, ಕಾದು, ತಡವಾಗಿ ಒಳಗೆ ಬೀಳೋದು. ಒಳ ಅಂಚು ತಾಗೋದು ತಿರುವು ಮುಕ್ಕಾಲು ಮುಗಿದ ಮೇಲೆ. ಆಗ ಸ್ಟೇರಿಂಗ್ ಬೇಗ ನೆಟ್ಟಗಾಗುತ್ತದೆ, ನೆಟ್ಟಗಾದ ಗಾಲಿ ನೆಲ ಹಿಡಿಯುತ್ತದೆ.

ಕಾಯೋದು ಬಹಳ ಕಷ್ಟ. ಮುಂದೆ ಟೈರ್ ಸಾಲು, ಅದರಾಚೆ ಎರೆ ಹೊಲ, ಕೈ ತಾನಾಗಿ ಸ್ಟೇರಿಂಗ್ ಎಳೆಯುತ್ತದೆ. ಎಳೆಯದೆ ತಡೆದುಕೊಂಡ ಅರ್ಧ ಸೆಕೆಂಡಿನಲ್ಲಿ ಹೊಟ್ಟೆಯಲ್ಲಿ ಏನೋ ಆಗುತ್ತದಲ್ಲ, ಈ ಆಟದ ಮಜಾ ಅಂದರೆ ಅದೇ.

ಇನ್ನೊಂದು ಸಿಕ್ಕಿತು. ಗೇರ್ ಬದಲಿಸದ ಕಾರಣ ನನ್ನ ಎಡ ಪಾದಕ್ಕೆ ಕೆಲಸ ಇಲ್ಲ. ತಿರುವಿನಿಂದ ಹೊರಬರುವಾಗ ಬಲಗಾಲಿನಲ್ಲಿ ಎಕ್ಸಿಲರೇಟರ್ ಹಿಡಿದೇ ಎಡಗಾಲಿನಿಂದ ಬ್ರೇಕನ್ನು ಸ್ವಲ್ಪ ತಾಗಿಸಿದರೆ, ಸುಮ್ನೆ ತಿರುಗುವ ಒಳಗಾಲಿ ತಡೆಯುತ್ತದೆ, ಹೊರಗಾಲಿಗೆ ಎಳೆತ ಹೋಗುತ್ತದೆ. ಮೊದಮೊದಲು ಎಡಗಾಲು ಕ್ಲಚ್ ಒತ್ತುವ ಜೋರಿನಲ್ಲೇ ಬ್ರೇಕ್ ಒತ್ತಿ ಹೆಲ್ಮೆಟ್ ಸ್ಟೇರಿಂಗಿಗೆ ಬಡಿಯುವ ಹಾಗಾಯಿತು. ಸಮತಟ್ಟು ಹೊಲದಲ್ಲಿ ನಿಧಾನವಾಗಿ ಅಭ್ಯಾಸ ಮಾಡಿದ ಮೇಲೆ ಕಾಲಿಗೆ ಬುದ್ಧಿ ಬಂತು.

ಮೇ ಕೊನೆಗೆ 51.6. ಮೂರೂವರೆ ಸೆಕೆಂಡ್ ಇಳಿದದ್ದು 60 ರೂಪಾಯಿ ಸುಣ್ಣಕ್ಕೆ.

ಜೂನ್: ಖರ್ಚು ಮತ್ತು ಬಾಕಿ

ಒಟ್ಟು 24,600 ರೂಪಾಯಿ, ಪೆಟ್ರೋಲ್ ಬಿಟ್ಟು. ಗಾಡಿಯ ಬೆಲೆಗಿಂತ ಜಾಸ್ತಿ. ಮತ್ತೆ ಮಾಡಿದರೆ ಬ್ರೇಕ್, ಕ್ಲಚ್, ರೇಡಿಯೇಟರ್ ಮೊದಲು ಮಾಡಿಸಿ, ಎಂಜಿನ್ನಿಗೆ ಪ್ಲಗ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಈಗ ಮಳೆ ಬಂದು ದಾರಿ ಕೆಸರಾಗಿದೆ, ಮಾಮ ಬಿತ್ತನೆಗೆ ಟ್ರ್ಯಾಕ್ಟರ್ ಇಳಿಸಿದ್ದಾರೆ. ಗಾಡಿ ಕೊಟ್ಟಿಗೆ ಪಕ್ಕ ಜಾಕ್ ಮೇಲಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಕ್ಸಿಲರೇಟರ್ ಒತ್ತಿದರೆ ಎಡ ಮುಂಗಾಲಿಯಲ್ಲಿ ಟಕ್ ಟಕ್ ಸದ್ದು. ಗಾಲಿ ತಿರುಗಿಸುವ ಶಾಫ್ಟಿನ ಹೊರ ಜಾಯಿಂಟಿನ ರಬ್ಬರ್ ಬೂಟ್ (ಮುಚ್ಚಳ) ಹರಿದು ಒಳಗೆ ಕೆಂಪು ಮಣ್ಣು ಸೇರಿದೆ. ಬರೀ ಬೂಟ್ ಮತ್ತು ಗ್ರೀಸ್ ಹಾಕಿದರೆ ಆಗಲ್ಲ, ಸದ್ದು ಶುರುವಾದ ಮೇಲೆ ಒಳಗಿನ ಗುಂಡು ಸವೆದಿರುತ್ತದೆ. ಉಸ್ತಾದ್ ಗುಜರಿಯಿಂದ ಪೂರ್ತಿ ಶಾಫ್ಟ್ 1,800ಕ್ಕೆ ಕೊಡಿಸುತ್ತೇನೆ ಅಂದಿದ್ದಾರೆ. ಗುಜರಿ ಶಾಫ್ಟಿನ ಜಾಯಿಂಟ್ ಎಷ್ಟು ಸವೆದಿದೆಯೋ ಯಾರು ನೋಡಿದ್ದಾರೆ? ಹೊಸ ಜಾಯಿಂಟ್ ಕಿಟ್‌ಗೆ ಹೇಳಿ ಕಳಿಸಿದ್ದೇನೆ. ಅದು ಬಂದರೆ ಎರಡೂ ಕಡೆಯ ಬೂಟ್‌ಗೆ ಕಲ್ಲು ತಾಗದಂತೆ ಹಳೆ ಟ್ಯೂಬ್ ಕತ್ತರಿಸಿ ಅಡ್ಡ ಪರದೆ ಕಟ್ಟಬೇಕು. ಗಾಲಿ ತಿರುಗಿಸಿದಾಗ ಪರದೆ ಟೈರಿಗೆ ಸಿಕ್ಕಿಹಾಕಿಕೊಳ್ಳದ ಹಾಗೆ ಎಲ್ಲಿ ಬೋಲ್ಟ್ ಹಾಕೋದು ಅನ್ನೋದು ಇನ್ನೂ ಬಗೆಹರಿದಿಲ್ಲ.